ಪ್ರೋಬಸ್‌ನ ಕಂಚಿನ ಕಾಸು: ಒಂದು ತಗೊಂಡೆ, ಹನ್ನೊಂದಾಯ್ತು

ಪೈಸೆ_ಪುರಾಣ (ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿ ಬರೆಯೋದು ಸಾಮಾನ್ಯವಾಗಿ ಟಿಪ್ಪುವಿನ ಆನೆ ಪೈಸೆಗಳ ಬಗ್ಗೆ. ಶ್ರೀರಂಗಪಟ್ಟಣದ ಟಂಕಸಾಲೆಯದ್ದಾ, ನಗರದ (ಬಿದನೂರಿನ) ಟಂಕಸಾಲೆಯದ್ದಾ, ಆನೆ ಎಡಕ್ಕೆ ನೋಡ್ತಿದೆಯಾ ಬಲಕ್ಕಾ, ಬಾಲ ಮೇಲಾ ಕೆಳಗಾ, ಇಷ್ಟೇ ನನ್ನ ಲೋಕವಾಗಿತ್ತು. ಮೂರು ವರ್ಷದ ಹಿಂದೆ ಗೆಳೆಯನೊಬ್ಬ ಯುರೋಪಿನಿಂದ ಬರುವಾಗ ಒಂದು ರೋಮನ್ ನಾಣ್ಯ ತಂದುಕೊಟ್ಟ. ಅಂಗಡಿ ಬಿಲ್ಲೂ ಜೊತೆಗಿತ್ತು. 35 ಯೂರೋ. ಇಷ್ಟು ಹಳೇ ವಸ್ತು ಇಷ್ಟು ಅಗ್ಗವಾ ಅಂತ ನಂಬಲೇ ಇಲ್ಲ.

ಪ್ರೋಬಸ್ ಅನ್ನೋ ಚಕ್ರವರ್ತಿಯದು. ಆಳಿದ್ದು ಕ್ರಿ.ಶ. 276ರಿಂದ 282. ಆರೇ ವರ್ಷ. ನಾಣ್ಯ ಸುಮಾರು 22 ಮಿಲಿಮೀಟರ್ ಅಗಲ, 4 ಗ್ರಾಂ ತೂಕ. ಮುಂಬದಿಯಲ್ಲಿ ಉದ್ದ ಮುಖ, ಕುರುಚಲು ಗಡ್ಡ, ತಲೆ ಮೇಲೆ ಸೂರ್ಯಕಿರಣದ ಹಾಗೆ ಚೂಪು ಚೂಪು ಕಿರೀಟ. ಹಿಂಬದಿಯಲ್ಲಿ ನಾಲ್ಕು ಕುದುರೆಯ ರಥದಲ್ಲಿ ಸೂರ್ಯ. ಸುತ್ತ "ಸೋಲಿ ಇನ್ವಿಕ್ಟೋ", ಅಂದರೆ ಸೋಲದ ಸೂರ್ಯನಿಗೆ. (ಸೋಲದವನ ಹೆಸರೇ "ಸೋಲ್". ಕನ್ನಡದವನಿಗೆ ಇದು ನಗು ಬರಿಸದೇ ಇರುತ್ತಾ?) ಕುದುರೆಗಳು ಎರಡು ಎಡಕ್ಕೆ, ಎರಡು ಬಲಕ್ಕೆ ಹಾರ್ತಾ ಇವೆ. ಹೆಬ್ಬೆರಳಿನ ಅಗಲದ ಜಾಗದಲ್ಲಿ ಎಂಟು ಮುಂಗಾಲು ಕೆತ್ತಿದ್ದಾನೆ ಪುಣ್ಯಾತ್ಮ.

ಅಲ್ಲಿಂದ ಶುರುವಾಗಿ ಈಗ ಹನ್ನೊಂದಾಗಿವೆ. ಎಲ್ಲವೂ ಪ್ರೋಬಸ್. ಒಂದರ ಹಾಗೆ ಇನ್ನೊಂದಿಲ್ಲ. ಒಂದರಲ್ಲಿ ಬರೀ ಕವಚ. ಇನ್ನೊಂದರಲ್ಲಿ ಹೆಲ್ಮೆಟ್, ಭರ್ಜಿ, ಗುರಾಣಿ ಹಿಡಿದು ಎಡಕ್ಕೆ ತಿರುಗಿದ್ದಾನೆ. ಮತ್ತೊಂದರಲ್ಲಿ ಕಸೂತಿ ಮೇಲುವಸ್ತ್ರ ಹೊದ್ದು, ತುದಿಯಲ್ಲಿ ಹದ್ದು ಕೂತ ಕೋಲು ಹಿಡಿದಿದ್ದಾನೆ. ಆರು ವರ್ಷ ಆಳಿದವನಿಗೆ ಇಷ್ಟು ವೇಷ ಯಾಕೆ? ಬಹಳಷ್ಟರ ಕೆಳಗೆ "ಎಕ್ಸ್ ಎಕ್ಸ್ ಐ" ಅಂತ ಇದೆ. ಅದು ರೋಮನ್ 21 ಅಂತ ಗೊತ್ತು. ಏನು 21? ತಿಳಿದವರು ಹೇಳಿ. ಮತ್ತೆ, ಎಲ್ಲಿ ನಿಲ್ಲಿಸಬೇಕು ಅಂತಲೂ ಹೇಳಿ. ಮನೆಯಲ್ಲಿ ಕೇಳ್ತಿದ್ದಾರೆ.


ಚಿಲ್ಲರೆ_ಚಂದ್ರ

ನಿಲ್ಲಿಸೋದು ಹೇಗೆ ಅಂತ ಕೇಳೋಕೆ ಸರಿಯಾದ ಜಾಗಕ್ಕೇ ಬಂದಿದ್ದೀರಿ. ಇಲ್ಲಿ ಒಬ್ಬರೂ ನಿಲ್ಲಿಸಿಲ್ಲ.


ಡ್ಯಾನ್ಯೂಬ್_ದಡ (ವಿಯೆನ್ನಾ)

ಸ್ವಾಗತ ಸರ್, ನಮ್ಮ ಹುಚ್ಚಿಗೆ. ನಾನು ಹದಿನಾಲ್ಕು ವರ್ಷದಿಂದ ಪ್ರೋಬಸ್ ಒಬ್ಬನನ್ನೇ ಹಿಡಿದುಕೊಂಡಿದ್ದೇನೆ. ಊರು ಶಿವಮೊಗ್ಗ, ಹೊಟ್ಟೆಪಾಡು ವಿಯೆನ್ನಾದಲ್ಲಿ. ಇಲ್ಲಿನ ಹೈಲಿಗೆನ್‌ಷ್ಟಾಟ್ ಅನ್ನೋ ಬಡಾವಣೆಯಲ್ಲಿ "ಪ್ರೋಬಸ್‌ಗಾಸ್ಸೆ" ಅಂತ ಒಂದು ಬೀದಿಯೇ ಇದೆ, ಬೀಥೋವನ್ ಮ್ಯೂಸಿಯಂ ಇರೋ ಬೀದಿ. ದ್ರಾಕ್ಷಿ ಬೆಳೆದು ವೈನ್ ಮಾಡೋ ಜನ ಇವರು. ಗಾಲ್ (ಈಗಿನ ಫ್ರಾನ್ಸ್ ಕಡೆ), ಪನ್ನೋನಿಯಾ (ಇಲ್ಲಿನ ಡ್ಯಾನ್ಯೂಬ್ ನದಿ ಕಡೆ) ಸೀಮೆಗಳಲ್ಲಿ ದ್ರಾಕ್ಷಿ ಹಾಕೋಕೆ ಅಪ್ಪಣೆ ಕೊಟ್ಟ ದೊರೆ ಅಂತ ಅವನ ಮೇಲೆ ಇವರಿಗೆ ಪ್ರೀತಿ. ಅದಕ್ಕೂ ಎರಡು ಶತಮಾನ ಹಿಂದೆ ಡೊಮಿಷಿಯನ್ ಅನ್ನೋ ಚಕ್ರವರ್ತಿ ಹೊಸ ದ್ರಾಕ್ಷಿ ತೋಟಕ್ಕೆ ತಡೆ ಹಾಕಿದ್ದ.

ಮೊದಲು 21ರ ವಿಷಯ. ಇದು ಪ್ರೋಬಸ್ ಶುರು ಮಾಡಿದ್ದಲ್ಲ. ಅವನಿಗಿಂತ ಮುಂಚೆ ಆಳಿದ ಆರೇಲಿಯನ್ 274ರಲ್ಲಿ ನಾಣ್ಯ ಸುಧಾರಣೆ ಮಾಡಿದ. ಅದಕ್ಕೆ ಮೊದಲು ರೋಮಿನ ಹಣದ ಮಾನ ಹೋಗಿತ್ತು. ಬೆಳ್ಳಿ ಕಾಸು ಅಂತ ಕೊಡ್ತಿದ್ದರು, ಒಳಗೆ ಬೆಳ್ಳಿ ಹೆಸರಿಗೆ ಮಾತ್ರ. ಟಂಕಸಾಲೆಯವರೇ ಲೋಹ ಕದೀತಿದ್ದರಂತೆ. ಆರೇಲಿಯನ್ ಹಿಡಿಯೋಕೆ ಹೋದಾಗ ಫೆಲಿಸ್ಸಿಮಸ್ ಅನ್ನೋ ಹಣಕಾಸು ಅಧಿಕಾರಿಯ ಕಡೆಯವರು ರೋಮ್ ನಗರದಲ್ಲೇ ದಂಗೆ ಎದ್ದರು. ದೊಡ್ಡ ಕಾಳಗವೇ ನಡೆಯಿತು. ಅದಾದ ಮೇಲೆ ಬಂದದ್ದು ಈ ಎಕ್ಸ್ ಎಕ್ಸ್ ಐ. 20 ಪಾಲು ತಾಮ್ರಕ್ಕೆ 1 ಪಾಲು ಬೆಳ್ಳಿ ಅನ್ನೋ ಖಾತ್ರಿ ಅದು ಅಂತ ಬಹುಪಾಲು ಜನ ಒಪ್ತಾರೆ. ಅಂದರೆ ಸುಮಾರು 5 ಪರ್ಸೆಂಟ್ ಬೆಳ್ಳಿ.

ಇದಕ್ಕೆ ಎರಡು ಆಸರೆ ಇದೆ. ಪೂರ್ವದ ಟಂಕಸಾಲೆಗಳಲ್ಲಿ ಅದೇ ಜಾಗದಲ್ಲಿ ಗ್ರೀಕಿನ ಕಾಪ್ಪಾ, ಆಲ್ಫಾ ಅಕ್ಷರ ಹಾಕಿದ್ದಾರೆ. ಗ್ರೀಕ್ ಲೆಕ್ಕದಲ್ಲಿ ಕಾಪ್ಪಾ 20, ಆಲ್ಫಾ 1. ಇನ್ನೊಂದು, ಪ್ರೋಬಸ್‌ಗಿಂತ ಸ್ವಲ್ಪ ಮುಂಚೆ ಟ್ಯಾಸಿಟಸ್ ಅನ್ನೋ ಚಕ್ರವರ್ತಿಯ ಕಾಲದಲ್ಲಿ ಆಂಟಿಯೋಕ್ ಮತ್ತು ಟ್ರಿಪೋಲಿಸ್‌ನಲ್ಲಿ "ಎಕ್ಸ್ ಐ" ಅಂತ ಬರೆದ ಕೆಲವು ನಾಣ್ಯ ಬಂದವು. ಅವುಗಳಲ್ಲಿ ಬೆಳ್ಳಿ ಇದರ ಎರಡರಷ್ಟು. ಹತ್ತಕ್ಕೆ ಒಂದು. ಲೆಕ್ಕ ಕೂಡಿತಲ್ವಾ?

ವೇಷದ ವಿಷಯ ನಾಳೆ ಬರೆಯುತ್ತೇನೆ. ಅದು ಉದ್ದ ಕತೆ.


ಹಳೇ_ಮೇಷ್ಟ್ರು (ಧಾರವಾಡ)

ಮೊದಲು ಒಂದು ತಿದ್ದುಪಡಿ. 5 ಪರ್ಸೆಂಟ್ ಬೆಳ್ಳಿ ಬೆರೆತದ್ದನ್ನ ಕಂಚು ಅನ್ನೋದು ಸರಿಯಲ್ಲರೀ. ಅದಕ್ಕೆ ಬಿಲ್ಲನ್ ಅಂತಾರೆ. ಟಂಕಸಾಲೆಯಿಂದ ಹೊರಬಂದಾಗ ಮೇಲೆ ತೆಳುವಾದ ಬೆಳ್ಳಿ ಪದರ ಇರ್ತಿತ್ತು, ಹೊಸದರಲ್ಲಿ ಬೆಳ್ಳಿ ರೂಪಾಯಿ ಹಾಗೆ ಹೊಳೀತಿತ್ತು. ಈಗ ನಮ್ಮ ಕೈಗೆ ಬರೋ ಹೊತ್ತಿಗೆ ಅದು ಸವೆದು ಒಳಗಿನ ಕಂದು ಕಾಣ್ತದೆ, ಅಷ್ಟೇ.

ಎರಡನೇದು. ವಿಯೆನ್ನಾದವರು ದ್ರಾಕ್ಷಿ ಕತೆ ಹೇಳಿದರು. ಪ್ರೋಬಸ್‌ನ ಬಗ್ಗೆ ನಾವು ಕೇಳೋ ರಸವತ್ತಾದ ಕತೆಗಳಲ್ಲಿ ಬಹಳಷ್ಟು "ಹಿಸ್ಟೋರಿಯಾ ಆಗಸ್ಟಾ" ಅನ್ನೋ ಪುಸ್ತಕದಿಂದ ಬಂದವು. ಅದರಲ್ಲಿ ಸುಳ್ಳು ಕಾಗದಪತ್ರ, ಇಲ್ಲದ ಲೇಖಕರ ಹೆಸರು ತುಂಬಿ ತುಳುಕ್ತಾವ. ಸೈನಿಕರು ಅವನನ್ನ ಸಿರ್ಮಿಯಂನಲ್ಲಿ 282ರಲ್ಲಿ ಕೊಂದದ್ದು ನಿಜ. ಜೌಗು ನೆಲ ಬಸಿಯೋಕೆ ಕಾಲುವೆ ತೋಡಿ ಅಂತ ಬಿಸಿಲಲ್ಲಿ ದುಡಿಸಿದ್ದಕ್ಕೆ ಸಿಟ್ಟಾದರು, "ಇನ್ನು ಸ್ವಲ್ಪ ದಿನಕ್ಕೆ ಸೈನಿಕರೇ ಬೇಕಾಗಲಿಕ್ಕಿಲ್ಲ" ಅಂತ ಅವನು ಹೇಳಿದ್ದು ಅವರ ಕಿವಿಗೆ ಬಿತ್ತು, ಅನ್ನೋದೆಲ್ಲ ಎಷ್ಟು ಖರೆ ಅಂತ ಯೋಚನೆ ಮಾಡಬೇಕು. ಅವನು ಹುಟ್ಟಿದ್ದೂ ಅದೇ ಸಿರ್ಮಿಯಂನಲ್ಲಿ, ಈಗಿನ ಸರ್ಬಿಯಾದ ಸ್ರೆಮ್ಸ್ಕಾ ಮಿತ್ರೋವಿತ್ಸಾ. ಹುಟ್ಟಿದ ಊರಲ್ಲೇ ಸತ್ತ.

ನನ್ನ ಕೇಳಿದರೆ ಆ ಪುಸ್ತಕಕ್ಕಿಂತ ನಿಮ್ಮ ಡಬ್ಬಿಯೊಳಗಿನ ಕಾಸು ಹೆಚ್ಚು ನಂಬಿಗಸ್ತ. ಕಾಸೂ ಬಡಾಯಿ ಕೊಚ್ಚುತ್ತದೆ, ಆದರೆ ಅದು ಅವನ ಕಾಲದ ಬಡಾಯಿ. ನೂರು ವರ್ಷದ ಮೇಲೆ ಯಾರೋ ಕೂತು ಹೆಣೆದದ್ದಲ್ಲ.


ಡ್ಯಾನ್ಯೂಬ್_ದಡ (ವಿಯೆನ್ನಾ)

ಮೇಷ್ಟ್ರೇ, ಬಿಲ್ಲನ್ ಒಪ್ಪಿದೆ. ಆದರೆ ಇಲ್ಲಿನ ವ್ಯಾಪಾರಿಗಳ ತಟ್ಟೆಯಲ್ಲೂ ಎಲ್ಲವೂ ಕಂಚಿನ ಲೆಕ್ಕದಲ್ಲೇ ಇರ್ತಾವೆ. ನಾವೂ ಹಾಗೇ ಅಂದುಕೊಳ್ಳೋಣ.

ಈಗ ವೇಷದ ಕತೆ. 235ರಿಂದ 284ರವರೆಗೆ ರೋಮಿನಲ್ಲಿ ಸೈನ್ಯ ಎತ್ತಿ ಕೂರಿಸಿದವನೇ ಚಕ್ರವರ್ತಿ. ಸೈನ್ಯಕ್ಕೆ ಬೇಡವಾದರೆ ಮುಗೀತು. ಪ್ರೋಬಸ್ ಪಟ್ಟಕ್ಕೆ ಬಂದದ್ದೂ ಹಾಗೇ. ಪೂರ್ವದ ಸೈನ್ಯ ಅವನ ಹೆಸರು ಕೂಗಿತು. ಎದುರಾಳಿ ಫ್ಲೋರಿಯನ್‌ನನ್ನು ಟಾರ್ಸಸ್‌ನಲ್ಲಿ ಅವನ ಸೈನಿಕರೇ ಮುಗಿಸಿದರು. ಇಂಥ ಕಾಲದಲ್ಲಿ ಸೈನಿಕನ ಕೈಗೆ ಹೋಗೋ ಸಂಬಳದ ಕಾಸೇ ಪೋಸ್ಟರ್. "ಕಾನ್ಕಾರ್ಡಿಯಾ ಮಿಲಿಟಮ್", ಸೈನ್ಯದ ಒಗ್ಗಟ್ಟು. "ಫಿಡೆಸ್ ಮಿಲಿಟಮ್", ಸೈನ್ಯದ ನಿಷ್ಠೆ. "ವಿರ್ಟುಸ್ ಪ್ರೋಬಿ", ಪ್ರೋಬಸ್‌ನ ಶೌರ್ಯ. ಇಲ್ಲದೇ ಇರೋದನ್ನೇ ಜಾಸ್ತಿ ಬರೀತಾರೆ ಅಂತ ನನ್ನ ಗುಮಾನಿ. ನಿಷ್ಠೆ ನಿಜವಾಗಿ ಇದ್ದಿದ್ದರೆ ಅದನ್ನು ಅಷ್ಟು ಸಲ ಅಚ್ಚು ಹಾಕಬೇಕಿತ್ತಾ?

ಟಂಕಸಾಲೆಗಳೂ ಬಹಳ. ರೋಮ್, ಟಿಕಿನಮ್ (ಈಗಿನ ಪಾವಿಯಾ), ಲುಗ್ಡುನಮ್ (ಲಿಯೋನ್), ಸಿಸ್ಕಿಯಾ (ಕ್ರೊಯೇಷಿಯಾದ ಸಿಸಾಕ್), ಸೆರ್ಡಿಕಾ (ಸೋಫಿಯಾ), ಸಿಝಿಕಸ್, ಆಂಟಿಯೋಕ್, ಟ್ರಿಪೋಲಿಸ್. ಒಂದೊಂದರ ಕೈ ಬೇರೆ. ಸ್ವಲ್ಪ ದಿನ ನೋಡ್ತಾ ಇದ್ದರೆ ಅಕ್ಷರ ಓದದೇ ಮುಖ ನೋಡಿಯೇ ಹೇಳಬಹುದು. ಲುಗ್ಡುನಮ್ ಪ್ರೋಬಸ್ ತಲೆ ಪುಟ್ಟದು, ಅಚ್ಚುಕಟ್ಟು. ಸಿಸ್ಕಿಯಾದವರಿಗೆ ಅಲಂಕಾರದ ಚಟ. ಭುಜ, ಕವಚ, ಗುರಾಣಿ ಮೇಲಿನ ಕುದುರೆ ಸವಾರ, ಎಲ್ಲ ಬೇಕು. ಅದೇ ಟಂಕಸಾಲೆಯಲ್ಲಿ ತೋಳ ಎರಡು ಕೂಸಿಗೆ ಹಾಲು ಕೊಡೋ ಅಚ್ಚೂ ಇದೆ, "ಸಿಸ್ಕಿಯಾ ಪ್ರೋಬಿ" ಅಂತ ತಮ್ಮ ಊರಿನ ಹೆಸರನ್ನೇ ಹಾಕಿದ್ದೂ ಇದೆ. ನಮ್ಮೂರ ಕಡೆಯ ಹುಡುಗ ದೊರೆಯಾದ ಅನ್ನೋ ಹಿಗ್ಗು ಇರಬಹುದು. ಸೆರ್ಡಿಕಾದವರಂತೂ ಇನ್ನೂ ಮುಂದೆ ಹೋಗಿ ಅವನನ್ನು "ದೇವರು ಮತ್ತು ಒಡೆಯ" ಅಂತ ಕರೆದುಬಿಟ್ಟರು. ಜೀವಂತ ಇರುವಾಗಲೇ!

ಎಲ್ಲಿ ನಿಲ್ಲಿಸಬೇಕು ಅಂತ ಕೇಳಿದಿರಿ. ಎಲ್ಲ ಬಗೆ ಸೇರಿಸ್ತೀನಿ ಅಂತ ಹೊರಡಬೇಡಿ. ಮೂರನೇ ಶತಮಾನದ ಪ್ರೋಬಸ್‌ಗೆ 1933ರಲ್ಲಿ ಬಂದ ಇಂಗ್ಲಿಷ್ ಪಟ್ಟಿಯೇ ಇವತ್ತಿಗೂ ಎಲ್ಲರ ಆಧಾರ. ನೂರಾರು ನಂಬರ್ ಇವೆ, ಅದರಲ್ಲಿ ಇಲ್ಲದವೂ ಆಗಾಗ ಹೊರಗೆ ಬರ್ತಾನೇ ಇರ್ತಾವೆ. ಒಂದು ಟಂಕಸಾಲೆ ಹಿಡಿದುಕೊಳ್ಳಿ. ಇಲ್ಲಾ ಒಂದು ವೇಷ. ನಾನು ಟಿಕಿನಮ್ ಹಿಡಿದಿದ್ದೇನೆ. ಯಾಕೆ ಅಂತ ಈಗ ಹೇಳಲ್ಲ.


ಪೈಸೆ_ಪುರಾಣ (ಬೆಂಗಳೂರು)

ಇಷ್ಟು ವಿವರವಾಗಿ ಬರೆದದ್ದಕ್ಕೆ ಇಬ್ಬರಿಗೂ ಕೈ ಮುಗಿದೆ. ಈಗ ಒಂದು ದುಃಖದ ಸುದ್ದಿ.

ನಿನ್ನೆ ಆಫೀಸಿನಿಂದ ಬಂದೆ. ಅಮ್ಮ ದೇವರ ಸಾಮಾನು ಬೆಳಗಿ ಒಣಗಿಸಿದ್ದರು. ದೀಪ, ಗಂಟೆ, ಪಂಚಪಾತ್ರೆ, ಉದ್ಧರಣೆ. ಸಾಲಿನ ಕೊನೆಯಲ್ಲಿ ನನ್ನ ಸಿಸ್ಕಿಯಾ ಪ್ರೋಬಸ್. ಹುಣಸೆಹಣ್ಣು, ಉಪ್ಪು ಹಾಕಿ ಚೆನ್ನಾಗಿ ಉಜ್ಜಿದ್ದಾರೆ. "ಮೇಜಿನ ಮೇಲೆ ಕಪ್ಪಗೆ ಬಿದ್ದಿತ್ತು ಕಣೋ, ಪಾಪ ಅಂತ ಅದನ್ನೂ ತಿಕ್ಕಿದೆ" ಅಂದರು. ಈಗ ಅದು ಹೊಸ ತಾಮ್ರದ ಚೊಂಬಿನ ಬಣ್ಣಕ್ಕೆ ಬಂದಿದೆ. ಕಿರೀಟದ ಸಂದಿಯಲ್ಲಿ ಉಳಿದಿದ್ದ ಚೂರು ಬೆಳ್ಳಿಯೂ ಹೋಯಿತು.

ಬೈಯೋಕಾಗಲಿಲ್ಲ. ಅಷ್ಟು ಖುಷಿಯಾಗಿ ತೋರಿಸಿದರು. ಏನಾದರೂ ಮಾಡಬಹುದಾ?


ಚಿಲ್ಲರೆ_ಚಂದ್ರ

ಸಾವಿರದ ಏಳುನೂರು ವರ್ಷ ಹೂಣರು, ಗೋಥರು ಎಲ್ಲರನ್ನೂ ದಾಟಿ ಬಂದವನು ಹುಣಸೆಹಣ್ಣಿಗೆ ಸೋತ. "ಇನ್ವಿಕ್ಟೋ" ಅಂತೆ.


ಕುಡ್ಲ_ಕಂಚು (ಮಂಗಳೂರು)

ಅಯ್ಯೋ ಮಾರಾಯ್ರೇ. ಓದಿ ಹೊಟ್ಟೆ ಚುರ್ ಅಂತು. ಹೋದ ಪದರ ವಾಪಸ್ ಬರುವುದಿಲ್ಲ. ಕೃತಕವಾಗಿ ಕಪ್ಪು ಮಾಡುವ ಮದ್ದು ಸಿಗುತ್ತದೆ, ಹಾಕಬೇಡಿ. ಸುಮ್ನೆ ಬಿಡಿ. ಒಂದೆರಡು ವರ್ಷದಲ್ಲಿ ತಾನಾಗಿ ಮಂಕಾಗುತ್ತದೆ.

ಆದರೆ ಒಂದು ಕೆಲಸ ಇವತ್ತೇ ಮಾಡಿ. ಉಪ್ಪು ಹಾಕಿದ್ದಾರೆ ಅಂದಿರಲ್ಲ, ಅದು ಹುಣಸೆಯ ಹುಳಿಗಿಂತ ದೊಡ್ಡ ಶತ್ರು. ಉಪ್ಪಿನ ಕ್ಲೋರೈಡ್ ತಾಮ್ರದ ಒಳಗೆ ಹೊಕ್ಕರೆ, ತೇವ ಸಿಕ್ಕಾಗಲೆಲ್ಲ ಒಳಗಿಂದ ತಿನ್ನುತ್ತಾ ಹೋಗುತ್ತದೆ. ತಿಳಿ ಹಸಿರು ಪುಡಿ ಬರುತ್ತದೆ, ಉಗುರಲ್ಲಿ ಕೆರೆದರೆ ಉದುರುತ್ತದೆ. ನಾವು ಕಿಲುಬು ಅಂತೇವಲ್ಲ, ಅದರ ಕೆಟ್ಟ ಜಾತಿ. ಗಟ್ಟಿಯಾದ, ನಯವಾದ ಕಡು ಹಸಿರು ಪದರ ಇದ್ದರೆ ಹೆದರಬೇಡಿ, ಅದು ನಾಣ್ಯವನ್ನು ಕಾಯುತ್ತದೆ. ಪುಡಿ ಪುಡಿ ಇದ್ದರೆ ಮಾತ್ರ ಅಪಾಯ.

ಡಿಸ್ಟಿಲ್ಡ್ ವಾಟರ್ ತನ್ನಿ, ಇನ್ವರ್ಟರ್ ಬ್ಯಾಟರಿಗೆ ಹಾಕುವುದು ಸಾಕು. ಗಾಜಿನ ಲೋಟದಲ್ಲಿ ಮುಳುಗಿಸಿ ಇಡಿ. ದಿನಾ ನೀರು ಬದಲಿಸಿ. ಎರಡು ವಾರ ಮಾಡಿ. ಆಮೇಲೆ ಚೆನ್ನಾಗಿ ಒಣಗಿಸಿ, ಬಲ್ಬಿನ ಬಿಸಿ ಸಾಕು. ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿ ಇಡಿ.

ನನಗೆ ಇದು ಪಾಠ ಕಲಿಸಿದ್ದು ಒಂದು ಮಳೆಗಾಲ. ನಮ್ಮಲ್ಲಿ ಜೂನ್‌ನಿಂದ ಚಪ್ಪಲಿ ಮೇಲೂ ಬೂಷ್ಟು ಬರುತ್ತದೆ, ನಿಮಗೆ ಗೊತ್ತಲ್ಲ. ಆರು ನಾಣ್ಯಗಳನ್ನು ಮೆತ್ತಗಿನ ಪ್ಲಾಸ್ಟಿಕ್ ಚೀಲದ ಆಲ್ಬಮಿನಲ್ಲಿ ಹಾಕಿ ಕಪಾಟಿನಲ್ಲಿಟ್ಟು ಮರೆತೆ. ಸೆಪ್ಟೆಂಬರಿನಲ್ಲಿ ತೆಗೆದು ನೋಡಿದರೆ ನಾಲ್ಕಕ್ಕೆ ಹಸಿರು ಅಂಟು, ಒಂದಕ್ಕೆ ಪುಡಿ. ಆ ಅಂಟು ಬಂದದ್ದು ಪ್ಲಾಸ್ಟಿಕ್ಕಿನಿಂದ. ಪಿವಿಸಿ ಆಲ್ಬಂ ಎಷ್ಟು ಚಂದ ಕಂಡರೂ ಬೇಡ. ಒಳ್ಳೆಯ ಮೈಲಾರ್ ಹಾಳೆಯದ್ದು ತೆಗೆದುಕೊಳ್ಳಿ. ಪುಡಿ ಬಂದದ್ದನ್ನು ಬೇರೆಯವುಗಳ ಜೊತೆ ಇಡಬೇಡಿ. ಸೀತ ಆದ ಮಗುವನ್ನು ಬೇರೆ ಮಲಗಿಸುವುದಿಲ್ವಾ, ಹಾಗೆ.


ಕಾಸಿಗೊಂದು_ಕತೆ

ಕುಡ್ಲದವರೇ, ಆಲಿವ್ ಎಣ್ಣೆಯಲ್ಲಿ ನೆನೆಸಿದರೆ ಮಣ್ಣು ಬಿಡುತ್ತೆ ಅಂತ ಎಲ್ಲ ಕಡೆ ಓದಿದ್ದೇನೆ. ನಾನು ತೊಳೆಯದ ರೋಮನ್ ನಾಣ್ಯಗಳ ಒಂದು ಗುಡ್ಡೆ ತರಿಸಿದ್ದೆ, ಐವತ್ತು ಇದ್ದವು. ಈಗ ಎಣ್ಣೆಯಲ್ಲಿವೆ.


ಕುಡ್ಲ_ಕಂಚು (ಮಂಗಳೂರು)

ಎಣ್ಣೆ ನಿಧಾನಕ್ಕೆ ಹುಳಿಯಾಗುತ್ತದೆ. ತಿಂಗಳುಗಟ್ಟಲೆ ಬಿಟ್ಟರೆ ಅದೇ ಪದರವನ್ನು ತಿನ್ನುತ್ತದೆ. ಬರೀ ನೀರು, ಮೆತ್ತಗಿನ ಬ್ರಷ್, ಬಿದಿರಿನ ಕಡ್ಡಿ, ತಾಳ್ಮೆ. ಕರೆಂಟ್ ಹಾಯಿಸಿ ತೊಳೆಯುವವರೂ ಇದ್ದಾರೆ, ಅವರ ಮನೆ ಕಡೆ ತಲೆ ಹಾಕಬೇಡಿ.

ಮತ್ತೆ ಐವತ್ತರಲ್ಲಿ ಪ್ರೋಬಸ್ ಸಿಕ್ಕಿದನಾ?


ಕಾಸಿಗೊಂದು_ಕತೆ

ಇಲ್ಲ. ಓದಲು ಬಂದದ್ದು ಒಂಬತ್ತು. ಎಲ್ಲ ಕಾನ್ಸ್ಟಂಟೈನ್ ಮನೆಯವರದ್ದು. ಉಳಿದವು ಬಟನ್ ಥರ ನುಣ್ಣಗೆ.


ಶಾಲ್ಮಲಾ (ಶಿರಸಿ)

ಈ ಗುಡ್ಡೆ ವ್ಯಾಪಾರದ ಬಗ್ಗೆ ಒಂದು ಮಾತು ಹೇಳಲೇಬೇಕು. ಬೇಜಾರಾದರೆ ಕ್ಷಮಿಸಿ.

ಮಣ್ಣು ಮೆತ್ತಿದ ಐವತ್ತು ನಾಣ್ಯ ಎಲ್ಲಿಂದ ಬರುತ್ತವೆ? ಯಾವುದೋ ಹೊಲದಲ್ಲಿ ರಾತ್ರಿ ಮೆಟಲ್ ಡಿಟೆಕ್ಟರ್ ಹಿಡಿದು ಅಗೆದು ತೆಗೆದವು ಆಗಿರಬಹುದು. ಒಂದು ಮಡಕೆಯಲ್ಲಿ ಒಟ್ಟಿಗೆ ಸಿಕ್ಕ ನಾಣ್ಯಗಳು ಒಂದು ಪುಸ್ತಕ ಇದ್ದ ಹಾಗೆ. ಯಾವುದು ಮೇಲೆ, ಯಾವುದು ಕೆಳಗೆ, ಯಾವ ದೊರೆಯದು ಎಷ್ಟು, ಕೊನೆಯದು ಯಾರದು, ಇದರಿಂದಲೇ ಹೂತ ಕಾಲ, ಕಾರಣ ಎಲ್ಲ ತಿಳಿಯೋದು. ಗುಡ್ಡೆ ಮಾಡಿ ಮಾರಿದರೆ ಪುಸ್ತಕ ಹರಿದು ಹಾಳೆ ಮಾರಿದ ಹಾಗೆ.

ಸರಿಯಾಗಿ ಮಾಡಿದ್ದಕ್ಕೂ ಉದಾಹರಣೆ ಇದೆ. 2010ರಲ್ಲಿ ಇಂಗ್ಲೆಂಡಿನ ಫ್ರೋಮ್ ಹತ್ತಿರ ಒಬ್ಬರಿಗೆ ಹೊಲದಲ್ಲಿ ಮಡಕೆ ಸಿಕ್ಕಿತು. ಅವರು ಅಗೆಯೋದನ್ನು ಅಲ್ಲಿಗೇ ನಿಲ್ಲಿಸಿ ತಜ್ಞರಿಗೆ ಹೇಳಿದರು. ಒಳಗೆ ಇದ್ದದ್ದು 52,503 ನಾಣ್ಯ, ಒಂದೇ ಮಡಕೆಯಲ್ಲಿ. ಪದರ ಪದರವಾಗಿ ತೆಗೆದದ್ದರಿಂದ ಒಂದು ವಿಷಯ ಗೊತ್ತಾಯಿತು. ಕೊನೆಗೆ ಅಚ್ಚಾದ ನಾಣ್ಯಗಳು ಮೇಲಿರದೆ ಕೆಳಗಡೆ ಗುಂಪಾಗಿದ್ದವು. ಅಂದರೆ ವರ್ಷಾನುಗಟ್ಟಲೆ ಹಾಕಿದ ಉಳಿತಾಯ ಅಲ್ಲ, ಒಂದೇ ಸಲ ಸುರಿದದ್ದು. ಅಗೆದವರು ಅವಸರ ಮಾಡಿ ಚೀಲಕ್ಕೆ ತುಂಬಿಕೊಂಡಿದ್ದರೆ ಇದು ಯಾರಿಗೂ ತಿಳಿಯುತ್ತಿರಲಿಲ್ಲ.

ನಮ್ಮಲ್ಲೂ ಕಾನೂನು ಇದೆ. ನೆಲದಲ್ಲಿ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು ಅನ್ನೋದು 1878ರಿಂದ ಇದೆ. 1972ರ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪುರಾತನ ವಸ್ತು, ಅದನ್ನು ಹೊರದೇಶಕ್ಕೆ ಕಳಿಸೋ ಹಾಗಿಲ್ಲ. ಆನ್‌ಲೈನಿನಲ್ಲಿ ಹೊರಗಿನವರ ಜೊತೆ ಅದಲುಬದಲು ಮಾಡ್ತೀನಿ ಅನ್ನೋರು ಇದನ್ನು ನೆನಪಿಡಿ.


ಕಾಸಿಗೊಂದು_ಕತೆ

ಮೇಡಂ, ನಾನು ಐನೂರು ಕೋಟಿಯ ಕಳ್ಳಸಾಗಣೆ ಮಾಡಿಲ್ಲ. ನುಣ್ಣಗಿನ ಐವತ್ತು ಬಟನ್ ತರಿಸಿದ್ದೇನೆ.


ಶಾಲ್ಮಲಾ (ಶಿರಸಿ)

ನಿಮ್ಮನ್ನು ಕಳ್ಳ ಅಂದಿಲ್ಲ. ಎಲ್ಲಿಂದ ಬಂತು ಅಂತ ಮಾರುವವನನ್ನು ಕೇಳಿದಿರಾ ಅಂತ ಮಾತ್ರ ಕೇಳ್ತಿದ್ದೇನೆ.


ಕಾಸಿಗೊಂದು_ಕತೆ

ಕೇಳಲಿಲ್ಲ. ಮುಂದಿನ ಸಲ ಕೇಳ್ತೀನಿ.


ಡ್ಯಾನ್ಯೂಬ್_ದಡ (ವಿಯೆನ್ನಾ)

ಶಾಲ್ಮಲಾ ಮೇಡಂ ಹೇಳಿದ್ದು ಸರಿ. ನಾನೂ ಶುರುವಿನಲ್ಲಿ ಕೇಳ್ತಿರಲಿಲ್ಲ. ಈಗ ಹಳೆಯ ಸಂಗ್ರಹದ ಚೀಟಿ ಇದ್ದರೆ ಹತ್ತಿಪ್ಪತ್ತು ಯೂರೋ ಜಾಸ್ತಿ ಆದರೂ ಕೊಡ್ತೇನೆ. ಯಾರೋ ಅಜ್ಜ ಮಸಿ ಪೆನ್ನಿನಲ್ಲಿ ಬರೆದ ಪುಟ್ಟ ಚೀಟಿ ಕೈಗೆ ಬಂದರೆ ಅದರದ್ದೇ ಒಂದು ಸುಖ.

ನಕಲಿ ಬಗ್ಗೆಯೂ ಹೇಳಿಬಿಡ್ತೀನಿ. ಸಾಮಾನ್ಯ ಪ್ರೋಬಸ್‌ಗೆ ನಕಲಿ ಮಾಡಿದರೆ ಲಾಭ ಕಡಿಮೆ, ಆದರೂ ಇವೆ. ಅಂಚನ್ನು ನೋಡಿ. ಎರಕದಲ್ಲಿ ಮಾಡಿದ್ದರೆ ಸುತ್ತ ಬೆಸುಗೆಯ ಗೆರೆ ಇರುತ್ತೆ, ಅಥವಾ ಅದನ್ನು ಅರದಿಂದ ತೀಡಿದ ಗುರುತು. ಭೂತಗನ್ನಡಿಯಲ್ಲಿ ಮೇಲ್ಮೈ ನೋಡಿದರೆ ಸಣ್ಣ ಸಣ್ಣ ಗುಳ್ಳೆ ಗುಂಡಿ. ಅಕ್ಷರದ ಅಂಚು ಸಾಬೂನಿನ ಹಾಗೆ ಜಾರಿರುತ್ತೆ. ನಿಜವಾದದ್ದು ಸುತ್ತಿಗೆ ಏಟಿಗೆ ಹುಟ್ಟಿದ್ದು. ಅಂಚಲ್ಲಿ ಸೀಳು ಬಿಟ್ಟಿರಬಹುದು, ಚಿತ್ರ ಒಂದು ಕಡೆ ಜರುಗಿರಬಹುದು. ಅದೆಲ್ಲ ದೋಷ ಅಲ್ಲ, ಹುಟ್ಟು ಮಚ್ಚೆ. ಇನ್ನೊಂದು ಮೋಸ ಇದೆ. ಸವೆದ ಅಸಲಿ ನಾಣ್ಯದ ಮೇಲೆ ಉಳಿ ಆಡಿಸಿ ಗಡ್ಡ, ಕೂದಲು ಹೊಸದಾಗಿ ಕೊರೆಯೋದು. ಮುಖದಲ್ಲಿ ಒಂದೊಂದು ಕೂದಲೂ ಎಣಿಸೋ ಹಾಗಿದ್ದು, ಅಕ್ಷರ ಮಾತ್ರ ಸವೆದಿದ್ದರೆ ಅನುಮಾನ ಪಡಿ.


ಬಳ್ಳಾರಿ_ಬಿಸಿಲು

ತಪ್ಪು ತಿಳ್ಕೋಬೇಡಿ. ವಿಜಯನಗರದ ಕಾಸು ಕೇಳೋರಿಲ್ಲ, ನಮ್ಮ ಊರಲ್ಲೇ ಬಿದ್ದಿವೆ. ನೀವು ಯಾವುದೋ ರೋಮ್ ದೊರೆಯ ಹಿಂದೆ ಬಿದ್ದಿದ್ದೀರಿ. ನಮಗೂ ಅವನಿಗೂ ಏನು ಸಂಬಂಧ? ನಮ್ಮಲ್ಲಿ ಅವನ ಕಾಸು ಸಿಕ್ಕಿದೆಯಾ?


ಹಳೇ_ಮೇಷ್ಟ್ರು (ಧಾರವಾಡ)

ಒಳ್ಳೆ ಪ್ರಶ್ನೆ ಕೇಳಿದಿರಿ. ಸಂಬಂಧ ಇದೆ, ಆದರೆ ಪ್ರೋಬಸ್ ಜೊತೆ ಅಲ್ಲ.

1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ 163 ರೋಮನ್ ಬೆಳ್ಳಿ ನಾಣ್ಯ ಸಿಕ್ಕವು. ಇವತ್ತು ನೀವು ರೈಲು ಹತ್ತೋ ಅದೇ ಯಶವಂತಪುರ. ಎಲ್ಲ ಒಂದನೇ ಶತಮಾನದ ದೊರೆಗಳವು, ಅಗಸ್ಟಸ್, ಟೈಬೀರಿಯಸ್ ಕಡೆಯವು. ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಅದೇ ಕಾಲದ ಬೆಳ್ಳಿ ದಿನಾರಿ, ಜೊತೆಗೆ ನಮ್ಮವರದೇ ಸೀಸದ ನಾಣ್ಯ. ಹಾವೇರಿ ಕಡೆ ಅಕ್ಕಿ ಆಲೂರಿನಲ್ಲಿ ಚಿನ್ನದವು, ಅದರಲ್ಲಿ ಬಹಳ ತಡವಾದ ಬೈಜಾಂಟೈನ್ (ಪೂರ್ವ ರೋಮ್) ಕಾಲದವೂ ಇದ್ದವು.

ಪ್ರೋಬಸ್ ಯಾಕೆ ಬರಲಿಲ್ಲ? ನಮ್ಮ ವ್ಯಾಪಾರಿ ಮೆಣಸು, ಮುತ್ತು ಕೊಟ್ಟು ತಗೊಂಡದ್ದು ರೋಮಿನ ಮುಖ ಅಲ್ಲ, ರೋಮಿನ ಲೋಹ. ನೀರೋ 64ರಲ್ಲಿ ದಿನಾರಿಯ ಬೆಳ್ಳಿ ಕಡಿಮೆ ಮಾಡಿದ. ನಮ್ಮ ನೆಲದ ಬೆಳ್ಳಿ ನಿಧಿಗಳಲ್ಲಿ ಅದಕ್ಕೆ ಮುಂಚಿನವೇ ಹೆಚ್ಚು. ಅಷ್ಟು ಸಣ್ಣ ಕಡಿತವನ್ನೇ ಗುರುತು ಹಿಡಿದ ಮಂದಿ, 5 ಪರ್ಸೆಂಟಿನ ಪ್ರೋಬಸ್‌ನನ್ನ ಬಾಗಿಲೊಳಗೆ ಬಿಡ್ತಿದ್ದರಾ? ಚೀಟಿ ಅಂಟಿಸಿ 20ಕ್ಕೆ 1 ಅಂತ ಬರೆದರೂ ಅಷ್ಟೇ. ಆ ಖಾತ್ರಿ ಅವನ ಸೈನಿಕನಿಗೆ ನಡೀತಿತ್ತು, ಕೇರಳದ ಮುಸಿರಿ ಬಂದರಿನ ಶೆಟ್ಟರಿಗೆ ನಡೀತಿರಲಿಲ್ಲ.

ರೋಮನ್ ತಾಮ್ರ ಬಂದದ್ದು ಅದಕ್ಕೂ ಆಮೇಲೆ, ನಾಲ್ಕು ಐದನೇ ಶತಮಾನದ ಪುಟಾಣಿ ಕಾಸುಗಳು. ಅವು ಸಿಗೋದು ತಮಿಳುನಾಡಿನ ಕರೂರು, ಮದುರೆ ಕಡೆ, ಮತ್ತೆ ಶ್ರೀಲಂಕಾದಲ್ಲಿ ರಾಶಿ ರಾಶಿ.

ವಿಜಯನಗರದ ಕಾಸು ನೀವು ಕೂಡಿಸಿರಿ. ಅದಕ್ಕೊಂದು ಚರ್ಚೆ ತೆರೆದರೆ ಮೊದಲು ಬರೋವನು ನಾನೇ.


ಪೈಸೆ_ಪುರಾಣ (ಬೆಂಗಳೂರು)

ಹದಿನೈದು ದಿನ ಕಾಣಿಸಲಿಲ್ಲ, ಕ್ಷಮಿಸಿ. ಒಂದು ಪಾರ್ಸೆಲ್ ಬರಬೇಕಿತ್ತು. ಕೊರಿಯರ್‌ನವರು ಕಾಗದ ಸರಿಯಿಲ್ಲ ಅಂತ ಮೂರು ಸಲ ಓಡಾಡಿಸಿದರು. ಮಾರಿದವನು ಡಬ್ಬಿ ಮೇಲೆ ಬರೀ "ಲೋಹದ ತುಂಡು" ಅಂತ ಬರೆದಿದ್ದ. ಏನಿದೆ, ಎಷ್ಟು ಬೆಲೆ, ಯಾವ ಕಾಲದ್ದು ಅಂತ ಸರಿಯಾಗಿ ಬರೆಸಿ, ಬಿಲ್ ಒಳಗಿಡಿಸಿ. ಸುಂಕ ಕಟ್ಟಿದರೂ ಪರವಾಗಿಲ್ಲ, ಅಲೆದಾಟ ಇರಲ್ಲ.

ಹುಣಸೆ ಪ್ರೋಬಸ್ ಕ್ಷೇಮ. ಹದಿನಾಲ್ಕು ದಿನ ನೀರು ಬದಲಿಸಿದ್ದು ಅಮ್ಮನೇ. ಪುಡಿ ಬಂದಿಲ್ಲ.

ಹೊಸದು ಟಿಕಿನಮ್‌ದು, ವಿಯೆನ್ನಾದವರ ಮಾತು ಕೇಳಿ ತಗೊಂಡೆ. ಕೆಳಗೆ "ಎಸ್ ಎಕ್ಸ್ ಎಕ್ಸ್ ಐ". ಹಿಂದೆ ನಿಂತಿರೋ ದೇವತೆಯ ಪಕ್ಕ ಖಾಲಿ ಜಾಗದಲ್ಲಿ ಒಂಟಿಯಾಗಿ "ಕ್ಯೂ" ಅಂತ ಅಕ್ಷರ. ಕ್ಯೂ ಅಂದರೆ ಲ್ಯಾಟಿನ್‌ನಲ್ಲಿ ನಾಲ್ಕನೇದು, ಕ್ವಾರ್ಟಾ, ಅಂತ ಓದಿದ್ದೆ. ಎಸ್ ಅಂದರೆ ಎರಡನೇದು, ಸೆಕುಂಡಾ. ಕಮ್ಮಟ ಅಂದರೆ ಟಂಕಸಾಲೆಯೊಳಗಿನ ಒಂದೊಂದು ವಿಭಾಗ. ಒಂದೇ ನಾಣ್ಯ ಎರಡನೇ ಕಮ್ಮಟದ್ದೂ ನಾಲ್ಕನೇ ಕಮ್ಮಟದ್ದೂ ಆಗೋದು ಹೇಗೆ? ಟಿಪ್ಪುವಿನ ಕೊನೆಯ ವರ್ಷಗಳ ಪೈಸೆಯಲ್ಲಿ ಅಲಿಫ್, ಬೇ, ತೇ ಅಂತ ಒಂದೊಂದು ವರ್ಷಕ್ಕೆ ಒಂದೊಂದು ಅಕ್ಷರ ಇರುತ್ತಲ್ಲ, ಹಾಗೆ ವರ್ಷದ ಗುರುತಾ?


ಡ್ಯಾನ್ಯೂಬ್_ದಡ (ವಿಯೆನ್ನಾ)

ಸರ್!! ಇದಕ್ಕೇ ಕಾಯ್ತಿದ್ದೆ. ನಾನು ಹೇಳಲ್ಲ ಅಂದದ್ದು ಇದನ್ನೇ.

ವರ್ಷ ಅಲ್ಲ. ಟಿಕಿನಮ್ ಟಂಕಸಾಲೆಯೊಳಗೆ ಆರು ಕಮ್ಮಟ. ಕೆಳಗಿನ ಅಕ್ಷರ ಯಾವ ಕಮ್ಮಟ ಅಂತ ಹೇಳುತ್ತೆ: ಪಿ ಒಂದು, ಎಸ್ ಎರಡು, ಟಿ ಮೂರು, ಕ್ಯೂ ನಾಲ್ಕು, ವಿ ಐದು, ವಿಐ ಆರು. ಅದು ನೀವು ಓದಿದ್ದು. ಆದರೆ ಪಕ್ಕದ ಖಾಲಿ ಜಾಗದ ಅಕ್ಷರವೇ ಬೇರೆ ಲೆಕ್ಕ. ಒಂದು ಸರಣಿಯಲ್ಲಿ ಒಂದನೇ ಕಮ್ಮಟಕ್ಕೆ ಇ, ಎರಡನೇದಕ್ಕೆ ಕ್ಯೂ, ಮೂರಕ್ಕೆ ವಿ, ನಾಲ್ಕಕ್ಕೆ ಐ, ಐದಕ್ಕೆ ಟಿ, ಆರಕ್ಕೆ ಐ. ಆರೂ ನಾಣ್ಯ ಸಾಲಾಗಿ ಇಟ್ಟು ಓದಿ.

ಈಕ್ವಿಟಿ.

ಒಂದು ಪದವನ್ನು ಆರು ತುಂಡು ಮಾಡಿ ಆರು ನಾಣ್ಯದಲ್ಲಿ ಬಚ್ಚಿಟ್ಟಿದ್ದಾರೆ. ಯಾರ ಜೇಬಿನಲ್ಲೂ ಪೂರ್ತಿ ಪದ ಇರಲಿಲ್ಲ. ಇದನ್ನು ಬಿಡಿಸಿದ್ದು 19ನೇ ಶತಮಾನದಲ್ಲಿ ಇದೇ ವಿಯೆನ್ನಾದ ಸಂಗ್ರಾಹಕ ಮಿಸ್ಸಾಂಗ್. ಪ್ರೋಬಸ್‌ನ ಕಾಸು ಸಾವಿರಗಟ್ಟಲೆ ಕೂಡಿಸಿ ಮೇಜಿನ ಮೇಲೆ ಹರಡಿಕೊಂಡಿದ್ದಕ್ಕೆ ಅವನಿಗೆ ಕಂಡಿತು. ಬಿಡಿ ಬಿಡಿಯಾಗಿ ನೋಡಿದವರಿಗೆ ಕಾಣೋ ವಿಷಯವೇ ಅಲ್ಲ ಇದು. ನನಗೂ ಎರಡು "ಐ" ಸಿಕ್ಕಿ ಒಂದೇ ಅಂದುಕೊಂಡು ಒಂದನ್ನು ಮಾರಿಬಿಟ್ಟಿದ್ದೆ. ಆಮೇಲೆ ಕೆಳಗಿನ ಅಕ್ಷರ ನೋಡಿದರೆ ಒಂದು ನಾಲ್ಕನೇ ಕಮ್ಮಟದ್ದು, ಇನ್ನೊಂದು ಆರನೇದ್ದು. ಅದನ್ನು ಮತ್ತೆ ಹುಡುಕೋಕೆ ಮೂರು ವರ್ಷ ಬೇಕಾಯಿತು.


ಪೈಸೆ_ಪುರಾಣ (ಬೆಂಗಳೂರು)

ಮೈ ಜುಂ ಅಂತು. ಏನು ಅರ್ಥ ಅದಕ್ಕೆ?


ಹಳೇ_ಮೇಷ್ಟ್ರು (ಧಾರವಾಡ)

ಇಲ್ಲಿ ಎರಡು ಓದು ಇದೆ. ಲ್ಯಾಟಿನ್‌ನಲ್ಲಿ "ಎಕ್ವೆಸ್" ಅಂದರೆ ಕುದುರೆ ಸವಾರ. ಅದಕ್ಕೆ ಚತುರ್ಥಿ ವಿಭಕ್ತಿ ಹಚ್ಚಿದರೆ "ಎಕ್ವಿಟಿ", ಸವಾರನಿಗೆ. ಆ ಕಾಲದಲ್ಲಿ ಉತ್ತರ ಇಟಲಿಯಲ್ಲಿ ರೋಮಿನ ಕುದುರೆ ಪಡೆ ಬೀಡು ಬಿಟ್ಟಿತ್ತು. ಆದ್ದರಿಂದ ಇದು ಕುದುರೆ ಪಡೆಗೆ ಸಲಾಮು ಅಂತ ಕೆಲವರು. ಇನ್ನೊಂದು, ಪ್ರೋಬಸ್‌ಗೆ "ಈಕ್ವಿಟಿಯಸ್" ಅಂತ ಇನ್ನೊಂದು ಹೆಸರಿತ್ತು, ಇದು ಅದರ ರೂಪ ಅಂತ.

ನಾನು ಎರಡನೇದಕ್ಕೆ. ಕಾರಣ ರೋಮ್ ಟಂಕಸಾಲೆಯಲ್ಲೂ ಇಂಥದೇ ಸರಣಿ ಇದೆ. ಅಲ್ಲಿ ಏಳು ಕಮ್ಮಟ. ಏಳು ಅಕ್ಷರ ಬೇಕಲ್ಲ? ಅಲ್ಲಿ ಮೊದಲಿಗೆ ಒಂದು "ಎ" ಸೇರಿಸಿ "ಎಈಕ್ವಿಟಿ" ಮಾಡಿದ್ದಾರೆ. ಹೆಸರನ್ನ ಎರಡು ಥರ ಬರೀಬಹುದು, ನಾವು ರುದ್ರಪ್ಪ, ರುದ್ರಯ್ಯ ಅಂದ ಹಾಗೆ ಅಲ್ಲದಿದ್ದರೂ, ಕಾಗುಣಿತದಲ್ಲಿ ಅಷ್ಟು ಸಲಿಗೆ ಇರ್ತದ. ಆದರೆ ಕುದುರೆ ಸವಾರನಿಗೆ ಮುಂದೆ "ಎ" ಹಚ್ಚಿದರೆ ಅವನು ಸವಾರನಾಗಿ ಉಳಿಯೋದಿಲ್ಲ.


ಡ್ಯಾನ್ಯೂಬ್_ದಡ (ವಿಯೆನ್ನಾ)

ಮೇಷ್ಟ್ರೇ, ಈ ವಾದ ನಾನು ಇಲ್ಲಿನ ಜರ್ಮನ್ ಗೆಳೆಯರಿಗೆ ಹೇಳ್ತೀನಿ. ನಿಮ್ಮ ಹೆಸರಲ್ಲೇ. ಇಂಥ ಆಟ ಆಮೇಲೆ ಡಯೋಕ್ಲೀಷಿಯನ್ ಕಾಲದಲ್ಲಿ ಸಿಸ್ಕಿಯಾದಲ್ಲೂ ನಡೆಯಿತು, ಜ್ಯೂಪಿಟರ್ ಮತ್ತು ಹರ್ಕ್ಯುಲಿಸ್ ಹೆಸರು ತುಂಡು ಮಾಡಿ.


ಕುಡ್ಲ_ಕಂಚು (ಮಂಗಳೂರು)

ನನ್ನ ಕಿಲುಬು ಹಿಡಿದ ಆರರಲ್ಲಿ ಒಂದಕ್ಕೆ "ಟಿ" ಇದ್ದ ನೆನಪು. ಮಳೆ ನಿಲ್ಲಲಿ, ಡಬ್ಬಿ ತೆಗೆದು ನೋಡುತ್ತೇನೆ. ಈಗ ತೆಗೆದರೆ ತೇವ.


ಚಿಲ್ಲರೆ_ಚಂದ್ರ

ಸೈನಿಕರಿಗೆ ಸಂಬಳದ ಜೊತೆ ಪದಬಂಧ ಕೊಟ್ಟಿದ್ದಾನೆ. ಕಾಲುವೆ ತೋಡಿಸಿದ್ದಕ್ಕೇ ಕೊಂದರು ಅಂತ ಯಾಕೆ ಅಂದುಕೊಳ್ಳಬೇಕು?


ಪೈಸೆ_ಪುರಾಣ (ಬೆಂಗಳೂರು)

ಏಳು ತಿಂಗಳ ಮೇಲೆ ಈ ಚರ್ಚೆಯನ್ನು ಮತ್ತೆ ಎಬ್ಬಿಸ್ತಿದ್ದೇನೆ. ಬೇರೆ ಟಂಕಸಾಲೆ ಎಲ್ಲ ಬಿಟ್ಟೆ. ಈಗ ಮೇಜಿನ ಮೇಲೆ ಐದು ಇವೆ: ಇ, ಕ್ಯೂ, ವಿ, ಐ, ಟಿ. ನಾಲ್ಕನ್ನು ಹಳೇ ಸಂಗ್ರಹದ ಚೀಟಿ ಸಮೇತ ತಗೊಂಡೆ, ಶಾಲ್ಮಲಾ ಮೇಡಂ ಗಮನಕ್ಕೆ. ಆರನೇದು ಅಂತ ಹೋದ ವಾರ ಬಂದದ್ದನ್ನು ಅಮ್ಮನೇ ಭೂತಗನ್ನಡಿ ಹಿಡಿದು ಓದಿದರು. "ಕೆಳಗೆ ಸೊನ್ನೆಗೆ ಬಾಲ ಇದೆ ನೋಡೋ" ಅಂದರು. ಅಂದರೆ ಕ್ಯೂ. ಮತ್ತೆ ನಾಲ್ಕನೇ ಕಮ್ಮಟದ್ದೇ. ಈಗ ನನ್ನ ಹತ್ತಿರ ಒಂದೇ "ಐ" ಎರಡು ಇವೆ.

ಯಾರ ಹತ್ತಿರವಾದರೂ ಭಾರತದೊಳಗೆ ವಿಐ ಗುರುತಿನ "ಐ" ಇದ್ದರೆ ತಿಳಿಸಿ. ಬದಲಿಗೆ ನಾಲ್ಕನೇದನ್ನು ಕೊಡ್ತೀನಿ. ಹುಣಸೆಹಣ್ಣು ತಾಗಿಲ್ಲ ಅಂತ ಅಮ್ಮನ ಕೈಯಲ್ಲೇ ಬರೆಸಿಕೊಡ್ತೀನಿ.